ಸಮಾಜಶಾಸ್ತ್ರ ಓದಿ ಏನು ಮಾಡ್ತಿ ಅಂದ ಗೆಳೆಯನಿಗೆ

ದೋಸ್ತ ಶರಣು,

ಬಿಎದಲ್ಲಿ ಸಮಾಜಶಾಸ್ತ್ರ ಓದಿ ಮುಂದೇನು ಅಂತ ನೀನು ಫೋನಿನಲ್ಲಿ ಕೇಳಿದ್ದೆ. ನಮ್ಮ ಓಣಿಯವರೂ ಅದನ್ನೇ ಕೇಳುತ್ತಾರೆ. ಪಿಯುಸಿ ಓದುತ್ತಿರುವ ಹುಡುಗರೂ ಕೇಳುತ್ತಾರೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ನೌಕರಿ ಮಾತು. ಬಿ.ಎಡ್ ಮಾಡಿದರೆ ಹೈಸ್ಕೂಲು ಮೇಷ್ಟ್ರಾಗಬಹುದು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದರೆ ಆಸ್ಪತ್ರೆ, ಮಕ್ಕಳ ರಕ್ಷಣೆ, ಸಂಘಸಂಸ್ಥೆಗಳ ಕೆಲಸ. ಎಂಎ ಮುಗಿಸಿ ನೆಟ್ ಇಲ್ಲವೇ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾದರೆ ಕಾಲೇಜಿನಲ್ಲಿ ಪಾಠ. ಯುಪಿಎಸ್‌ಸಿ ಮೇನ್ಸ್‌ಗೆ ಇದನ್ನೇ ಐಚ್ಛಿಕ ವಿಷಯ ಮಾಡಿಕೊಂಡರೆ 500 ಅಂಕ ಇದರದ್ದೇ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸೀಟಿಗೂ ಸರ್ಕಾರಿ ನೌಕರಿಗೂ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ದಾರಿಯೇ ಇಲ್ಲ ಅನ್ನುವವರು ಸುಮ್ನೆ ಹೆದರಿಸುತ್ತಾರೆ. ಆದರೆ ಯಾವ ದಾರಿಯೂ ಡಿಗ್ರಿಗೇ ಮುಗಿಯುವುದಿಲ್ಲ, ಇನ್ನೂ ಓದಬೇಕು.

ನನ್ನ ತಲೆಯಲ್ಲಿ ಓಡುತ್ತಿರುವುದು ಬೇರೆ.

ಮೊನ್ನೆ ಕಾಲೇಜಿನಿಂದ ಚಿಂಚೋಳಿ ಕಡೆಯ ಒಂದು ತಾಂಡಾಕ್ಕೆ ಸರ್ವೆಗೆ ಹೋಗಿದ್ದೆವು. ತೊಗರಿ ರಾಶಿ ಮುಗಿದಿತ್ತು. ಬಹಳ ಮನೆಗಳಿಗೆ ಬೀಗ. ಒಂದು ಮನೆಯಲ್ಲಿ ಆಯಿ, ಮೊಮ್ಮಕ್ಕಳು ಅಷ್ಟೇ. ಮಗ, ಸೊಸೆ ಎಲ್ಲಿ ಅಂತ ಕೇಳಿದೆ. "ಪುಣೆಕ್ಕ ಹೋಗ್ಯಾರ, ಮಳಿ ಬಿದ್ದಮ್ಯಾಲ ಬರ್ತಾರ" ಅಂದರು. ನಮ್ಮವ್ವ ಪ್ರತಿ ವರ್ಷ ಹೇಳುವುದೂ ಇದೇ ಮಾತು. ನನಗೆ ಮುಂದಿನ ಪ್ರಶ್ನೆ ಕೇಳಲು ಆಗಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಒಂದು ಲೆಕ್ಕ ಹೇಳಿದ್ದರು. 1 ಲಕ್ಷ ಜನರ ಊರಲ್ಲಿ ಒಬ್ಬನಿಗಷ್ಟೇ ಕೆಲಸವಿಲ್ಲದಿದ್ದರೆ ಅದು ಅವನ ಸ್ವಂತ ಕಷ್ಟ, ಅವನ ಗುಣ ನೋಡಬೇಕು. 5 ಕೋಟಿ ದುಡಿಯುವವರಲ್ಲಿ 1.5 ಕೋಟಿ ಮಂದಿಗೆ ಕೆಲಸವಿಲ್ಲದಿದ್ದರೆ ಒಬ್ಬೊಬ್ಬರ ಗುಣ ನೋಡಿ ಏನೂ ಸಿಗುವುದಿಲ್ಲ, ವ್ಯವಸ್ಥೆಯನ್ನೇ ನೋಡಬೇಕು. ಪರೀಕ್ಷೆಗಂತ ಬಾಯಿಪಾಠ ಮಾಡಿದ್ದೆ. ತಾಂಡಾದಲ್ಲಿ ಅದನ್ನು ನೆನೆದರೆ ಕಣ್ಣ ಮುಂದೆ ಬಂದವನು ಅಪ್ಪ.

ನಿನಗೂ ಇದನ್ನು ಹೇಳಿಲ್ಲ. ಅಪ್ಪ ಪುಣೆಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದಾಗಲೆಲ್ಲ, ನಮ್ಮ ಜೊತೆ ಇರಲು ಅವನಿಗೆ ಮನಸ್ಸಿಲ್ಲ ಅಂತಲೇ ಅನ್ನಿಸುತ್ತಿತ್ತು. ಹೊಲಕ್ಕೆ ಮಳೆಯೊಂದೇ ಗತಿ, ತೊಗರಿ ಬಿಟ್ಟರೆ ಬೇರೆ ಬೆಳೆ ಇಲ್ಲ, ಬೇಸಿಗೆಗೆ ಊರಲ್ಲಿ ಕೂಲಿ ಸಿಗುವುದಿಲ್ಲ. ನಮ್ಮ ತಾಲ್ಲೂಕುಗಳು ಎಷ್ಟು ಹಿಂದೆ ಉಳಿದಿವೆ ಅಂತ ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿದೆ. ಈಗ ಎಲ್ಲ ಅರ್ಥವಾಗುತ್ತದೆ. ಆದರೆ ಇಷ್ಟು ವರ್ಷದ ಸಿಟ್ಟನ್ನು ಯಾರ ಮೇಲೆ ಹಾಕಲಿ, ಹೇಳು? ವ್ಯವಸ್ಥೆಯ ಮೇಲೆ ಸಿಟ್ಟಾದರೆ ಅದೇನು ಎದುರು ಬಂದು ಕೂರುವುದಿಲ್ಲ. ಅಪ್ಪನ ಹತ್ತಿರ ಈ ಮಾತು ತೆಗೆಯೋಣ ಅಂತ ಫೋನ್ ಹಚ್ಚುತ್ತೇನೆ. "ಉಂಡಿಯೇನು?" ಅನ್ನುತ್ತಾನೆ. ನಾನು ಹೂಂ ಅನ್ನುತ್ತೇನೆ. ಅಲ್ಲಿಗೆ ಮುಗಿಯಿತು.

ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅದರ ಬದುಕನ್ನು ಬರೆದರು. ಬೀಗ ಹಾಕಿದ ನಮ್ಮ ಕಡೆಯ ಮನೆಗಳ ಬಗ್ಗೆ ನನಗೆ ಹಾಗೆ ಬರೆಯುವ ಆಸೆ. ಅದಕ್ಕೇ ಎಂಎಗೆ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕುತ್ತೇನೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪ್ರವೇಶ ಪರೀಕ್ಷೆಯನ್ನೂ ಬರೆಯುತ್ತೇನೆ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದೇ.

ಇಷ್ಟೆಲ್ಲ ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಇರಲಿ ಬಿಡು. ಹೋಳಿ ಆದಮೇಲೆ ಶರಣಬಸಪ್ಪನ ಜಾತ್ರೆಗೆ ಬಾ. ಮಿರ್ಚಿ ಭಜಿಯ ಹಳೇ ಬಾಕಿ ನಿನ್ನದೇ, ಮರೆತಿಲ್ಲ ಅಲ್ವಾ?

ನಿನ್ನ ದೋಸ್ತ
ಕಲಬುರಗಿ