ಗೆಳೆಯನಿಗೊಂದು ಪತ್ರ: ಶಂಕರಣ್ಣ ಎಲ್ಲಿ ನಿಂತಿದ್ದರು?

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಹತ್ತು ವರ್ಷ ಬೇರೆಯವರು ಹೇಳಿದ ಹಾಗೆ ಕೂತೆ, ಎದ್ದೆ, ಅತ್ತೆ, ನಕ್ಕೆ. ಈಗ ನಿರ್ದೇಶನ ಮಾಡ್ತೀನಿ ಅಂದ್ರೆ, ನಟನೆ ನೋಡ್ಕೊಂಡು ಸುಮ್ನೆ ಇರಪ್ಪಾ ಅಂತಾರೆ. ಆ ಹತ್ತು ವರ್ಷ ದಂಡ ಆಯ್ತು ಕಣೋ" ಅಂದೆ. ನಾನು ಏನೂ ಹೇಳಲಿಲ್ಲ. ಸಮಾಧಾನಕ್ಕೆ ಅಂತ ಬಾಯಿಗೆ ಬಂದದ್ದು ಹೇಳಿದರೆ ನಿನಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಯೋಚನೆ ಮಾಡಿ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಹಾಕುತ್ತಿರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಸಂಕಟದಲ್ಲೇ ಇರುವವರು ಇನ್ನೂ ಎಷ್ಟೋ ಜನ ಇರಬಹುದು.

ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ತಲೆಯಲ್ಲಿ ಶಂಕರ್‌ನಾಗ್ ಕೂತಿದ್ದರು. ನಮಗೆ ಶಂಕರ್‌ನಾಗ್ ಅಂದರೆ ಮೊದಲು ನೆನಪಾಗುವುದು ಆಟೋದ ಹಿಂಭಾಗ, ಅಲ್ವಾ? ಖಾಕಿ ಅಂಗಿ, ಆ ನಗು. 1980ರಲ್ಲಿ 'ಆಟೋ ರಾಜ' ಬಂತು. ನಲವತ್ತು ವರ್ಷ ದಾಟಿದರೂ ಆಟೋ ಹಿಂದಿನ ಆ ಪಟವನ್ನು ಯಾರೂ ಕೀಳಲಿಲ್ಲ. ಆದರೆ ಅದೇ 1980ರಲ್ಲಿ ಇನ್ನೊಂದು ಕೆಲಸವೂ ಆಗಿತ್ತು. ಶಂಕರ್‌ನಾಗ್ ನಿರ್ದೇಶಿಸಿದ ಮೊದಲ ಚಿತ್ರ 'ಮಿಂಚಿನ ಓಟ' ಬಂದದ್ದೂ ಆ ವರ್ಷವೇ. ಒಂದೇ ವರ್ಷದಲ್ಲಿ ಆಟೋ ಡ್ರೈವರುಗಳ ರಾಜನೂ ಆದರು, ನಿರ್ದೇಶಕರೂ ಆದರು. ಒಂದು ಮುಗಿದ ಮೇಲೆ ಇನ್ನೊಂದು ಬಂದದ್ದಲ್ಲ. ನೀನು ಇದನ್ನು ಗಮನಿಸಬೇಕು.

ಸ್ವಲ್ಪ ಹಿಂದೆ ಹೋಗೋಣ. 1954ರ ನವೆಂಬರ್ 9ರಂದು ಹೊನ್ನಾವರದ ಕಡೆ ಹುಟ್ಟಿದ ಹುಡುಗ. ಮುಂಬೈಗೆ ಹೋದಾಗ ಹಿಡಿದುಕೊಂಡದ್ದು ಮರಾಠಿ ನಾಟಕವನ್ನು. ಅಲ್ಲಿ ನಟಿಸಿದರು, ಬರೆದರು. '22 ಜೂನ್ 1897' ಅನ್ನುವ ಮರಾಠಿ ಚಿತ್ರದ ಬರವಣಿಗೆಯಲ್ಲಿ ಅವರ ಕೈ ಇದೆ. ಅಂದರೆ ಕನ್ನಡದ ತೆರೆಗೆ ಬಂದ ಆರಂಭದ ದಿನಗಳಲ್ಲೇ ಒಂದು ದೃಶ್ಯ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಕೂತು ಯೋಚಿಸಿದ್ದ ಮನುಷ್ಯ ಅವರು. 1978ರಲ್ಲಿ ಗಿರೀಶ್ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಕರೆತಂದರು. ಕೂಲಿಗೆ ಕತ್ತಿ ಹಿಡಿಯುವ ಗಂಡುಗಲಿಯ ಪಾತ್ರ. ಮೊದಲ ಕನ್ನಡ ಚಿತ್ರಕ್ಕೇ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ವಯಸ್ಸು ಇನ್ನೂ ಇಪ್ಪತ್ತೈದರ ಒಳಗೆ.

ಅಂಥ ಪ್ರಶಸ್ತಿ ಕೈಗೆ ಬಂದರೆ ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಇನ್ನು ಮುಂದೆ ದೊಡ್ಡ ಪಾತ್ರ ಬಂದರೆ ಮಾತ್ರ ಅಂತ ಕಾಯುತ್ತಿದ್ದೆವೋ ಏನೋ. ಶಂಕರಣ್ಣ ಕಾಯಲಿಲ್ಲ. 'ಸೀತಾರಾಮು', 'ಪ್ರೀತಿ ಮಾಡು ತಮಾಷೆ ನೋಡು', 'ಆಟೋ ರಾಜ' ಹೀಗೆ ಬಂದದ್ದನ್ನೆಲ್ಲ ಮಾಡುತ್ತಾ ಹೋದರು. ಹೊಡೆದಾಟದ ಚಿತ್ರಗಳೇ ಜಾಸ್ತಿ. ಹನ್ನೆರಡು ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರ. ಅದರಲ್ಲಿ ಎಷ್ಟೋ ಚಿತ್ರಗಳು ಇವತ್ತು ಯಾರಿಗೂ ನೆನಪಿಲ್ಲ. ನಿನ್ನ ಧಾರಾವಾಹಿಗಳ ಹಾಗೇ ಅಂದುಕೋ. ನಿನ್ನ ಮನಸ್ಸು ನೋಯಿಸಲು ಹೇಳುತ್ತಿಲ್ಲ. ಆ ಚಿತ್ರಗಳ ಸೆಟ್‌ನಲ್ಲಿ ದಿನಾ ಕ್ಯಾಮೆರಾ ಎದುರು ನಿಲ್ಲುವ ಹೊತ್ತಿನಲ್ಲೇ ಅವರೊಳಗಿನ ನಿರ್ದೇಶಕನಿಗೂ ಊಟ ಸಿಗುತ್ತಿತ್ತು ಅಂತ ನನಗೆ ಅನಿಸುತ್ತದೆ. ಲೈಟಿಂಗ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ, ಸಹನಟ ಯಾವಾಗ ಸುಸ್ತಾಗುತ್ತಾನೆ, ಮೂರನೇ ಟೇಕ್‌ನಲ್ಲಿ ಇದ್ದ ಜೀವ ಏಳನೇ ಟೇಕ್‌ನಲ್ಲಿ ಯಾಕೆ ಇರುವುದಿಲ್ಲ? ಇವನ್ನು ನಿಂತು ನೋಡಿಯೇ ಕಲಿಯಬೇಕು. ನೀನು ಹತ್ತು ವರ್ಷ ನಿಂತು ನೋಡಿದ್ದೀಯ.

'ಮಿಂಚಿನ ಓಟ' ಕಾರು ಕಳ್ಳರ ಕತೆ, ಜೈಲಿನಿಂದ ತಪ್ಪಿಸಿಕೊಳ್ಳುವ ಕತೆ. ಅಣ್ಣ ಅನಂತ್‌ನಾಗ್ ಇದ್ದಾರೆ, ಲೋಕೇಶ್ ಇದ್ದಾರೆ, ತಾನೂ ಇದ್ದಾರೆ. ಅತ್ಯುತ್ತಮ ಚಿತ್ರವೂ ಸೇರಿ ಏಳು ರಾಜ್ಯ ಪ್ರಶಸ್ತಿ ಬಂತು. ಅದಾದ ಮೇಲೆ ಬಂದ 'ಜನ್ಮ ಜನ್ಮದ ಅನುಬಂಧ' ಚಿತ್ರವಾಗಿ ನನಗೆ ಅಷ್ಟು ಹಿಡಿಸುವುದಿಲ್ಲ. ಇಳಯರಾಜ ಕೊಟ್ಟ 'ತಂಗಾಳಿಯಲ್ಲಿ ನಾನು' ಹಾಡು ಮಾತ್ರ ಬಿಟ್ಟುಹೋಗುವುದಿಲ್ಲ. ಅದು ಬೇರೆ ಮಾತು.

1981ರ 'ಗೀತಾ' ನೋಡು. ಇಲ್ಲಿ ನಾಯಕ ಅವರೇ, ನಿರ್ದೇಶಕರೂ ಅವರೇ. 'ಸಂತೋಷಕ್ಕೆ' ಅಂತ ಹಾಡಿ ಕುಣಿಯುವವರೂ ಅವರೇ. ಆದರೂ ಚಿತ್ರಕ್ಕೆ ಹೆಸರು ನಾಯಕಿಯದು, ನೋವೂ ಅವಳದು. ರಕ್ತದ ಕ್ಯಾನ್ಸರ್ ಬಂದಿರುವ ಹುಡುಗಿ. ನಾಯಕ ಕೊನೆಗೆ ಅವಳ ಪಕ್ಕದಲ್ಲಿ ನಿಲ್ಲುವವನು ಅಷ್ಟೇ. ಒಬ್ಬ ಸ್ಟಾರ್ ತನ್ನದೇ ಚಿತ್ರದಲ್ಲಿ ಪಕ್ಕಕ್ಕೆ ಸರಿದು ನಿಲ್ಲುವುದು ಸುಲಭ ಅಲ್ಲ. ನಟನಾದ ನಿನಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಕಷ್ಟ ಯೋಚನೆ ಮಾಡು. ಈಗ ಟೇಕ್ ಮುಗಿದ ತಕ್ಷಣ ಓಡಿ ಹೋಗಿ ಮಾನಿಟರ್‌ನಲ್ಲಿ ನೋಡಿಬಿಡುತ್ತೀರಿ. ಆಗ ಹಾಗಿರಲಿಲ್ಲ. ತಾನೇ ನಟಿಸುವಾಗ ಫ್ರೇಮಿನಲ್ಲಿ ಏನಾಯಿತು ಅಂತ ನೋಡುವವರು ಕ್ಯಾಮೆರಾ ಹಿಂದೆ ಇದ್ದವರು. ರೀಲು ಲ್ಯಾಬ್‌ಗೆ ಹೋಗಿ ತೊಳೆದು ಬಂದ ಮೇಲೆಯೇ ನಿಜ ಗೊತ್ತಾಗುವುದು. ಹಾಗಿರುವಾಗ ಜೊತೆಯವರನ್ನು ನಂಬದೆ ಬೇರೆ ದಾರಿಯೇ ಇಲ್ಲ. ಅವರು ನಾಟಕದ ಗೆಳೆಯರನ್ನು ಕೊನೆತನಕ ಸುತ್ತ ಇಟ್ಟುಕೊಂಡದ್ದಕ್ಕೆ ಇದೂ ಒಂದು ಕಾರಣ ಇರಬೇಕು. ನಟ ರಮೇಶ್ ಭಟ್, ಹೆಂಡತಿ ಅರುಂಧತಿ, ಅವರದೇ ನಾಟಕ ತಂಡ ಸಂಕೇತ್. ಒಂದು ನೋಟಕ್ಕೇ ಅರ್ಥ ಮಾಡಿಕೊಳ್ಳುವ ಜನ.

ಈಗ ನಾನು ನಿನಗೆ ಹೇಳಲೇಬೇಕಾದದ್ದಕ್ಕೆ ಬರುತ್ತೇನೆ. 'ಆಕ್ಸಿಡೆಂಟ್', 1985. ನಿನ್ನೆ ಮತ್ತೆ ನೋಡಿದೆ. ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಜನರ ಮೇಲೆ ಕಾರು ಹತ್ತಿ ಹೋಗುತ್ತದೆ. ಓಡಿಸಿದವನು ರಾಜಕಾರಣಿಯ ಮಗ, ಅಮಲಿನಲ್ಲಿದ್ದ ಹುಡುಗ. ಅಪ್ಪ ಧರ್ಮಾಧಿಕಾರಿಯಾಗಿ ಅನಂತ್‌ನಾಗ್. ಸತ್ತವರ ನಡುವೆ ಬದುಕಿ ಉಳಿಯುವ ಬಡವನಾಗಿ ರಮೇಶ್ ಭಟ್. ಈ ಎರಡು ಪಾತ್ರ ಯಾವ ನಟನ ಬಾಯಲ್ಲೂ ನೀರೂರಿಸುವಂಥವು. ಒಂದರಲ್ಲಿ ಮಗನನ್ನು ಉಳಿಸಿಕೊಳ್ಳಬೇಕು, ಕುರ್ಚಿಯನ್ನೂ ಉಳಿಸಿಕೊಳ್ಳಬೇಕು. ಇನ್ನೊಂದರಲ್ಲಿ ಎಲ್ಲ ಹೋದವನ ಬರೀ ಕಣ್ಣು. ಎರಡನ್ನೂ ಬೇರೆಯವರಿಗೆ ಕೊಟ್ಟರು. ತಾನು ಇಟ್ಟುಕೊಂಡದ್ದು ಪತ್ರಕರ್ತನ ಪಾತ್ರ. ಅವನ ಕೆಲಸ ಏನು? ಹೋಗುವುದು, ಕೇಳುವುದು, ಬರೆದುಕೊಳ್ಳುವುದು. ಎದುರಿಗಿದ್ದವನು ಮಾತಾಡುವಾಗ ಅವನು ಕೇಳುತ್ತಾನೆ. ಆಗ ನಾವೂ ಎದುರಿಗಿದ್ದವನನ್ನೇ ನೋಡುತ್ತೇವೆ. ಊರಿಗೆಲ್ಲ ಗೊತ್ತಿರುವ ತನ್ನ ಮುಖವನ್ನು ಬೇರೆ ನಟರನ್ನು ತೋರಿಸುವುದಕ್ಕೆ ಬಳಸಿಕೊಂಡರು. ಆ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಪ್ರಶಸ್ತಿ ಬರದೇ ಹೋಗಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ.

'ಮಾಲ್ಗುಡಿ ಡೇಸ್' ಬಗ್ಗೆ ಬೇರೆ ಹೇಳಬೇಕೇ? ಆಗುಂಬೆಯನ್ನು ಮಾಲ್ಗುಡಿ ಮಾಡಿದರು. ಅರಸಾಳಿನ ಪುಟ್ಟ ರೈಲು ನಿಲ್ದಾಣ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳು, ಎಲ್. ವೈದ್ಯನಾಥನ್ ಅವರ ಆ 'ತಾನಾನಾ' ರಾಗ. ಅದು ಕೇಳಿಸಿದರೆ ನಮ್ಮ ಮನೆಯಲ್ಲಿ ಈಗಲೂ ಎಲ್ಲರೂ ಒಂದು ನಿಮಿಷ ಕೆಲಸ ನಿಲ್ಲಿಸುತ್ತಾರೆ. ನನ್ನ ಬೆರಗು ಬೇರೆಯೇ. ದೇಶವೆಲ್ಲ ದೂರದರ್ಶನದಲ್ಲಿ ನೋಡುವ ಧಾರಾವಾಹಿ. ಸ್ವಾಮಿಯ ಕತೆಯ ಭಾರವನ್ನೆಲ್ಲ ಇಟ್ಟದ್ದು ಮಾಸ್ಟರ್ ಮಂಜುನಾಥ್ ಅನ್ನುವ ಒಂದು ಮಗುವಿನ ಹೆಗಲ ಮೇಲೆ. ಪಕ್ಕದಲ್ಲಿ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಂದರೆ ತನ್ನನ್ನು ಕನ್ನಡ ತೆರೆಗೆ ತಂದ ನಿರ್ದೇಶಕ. ಅವರನ್ನು ಈಗ ತಾನು ನಿರ್ದೇಶಿಸುತ್ತಿದ್ದಾರೆ. ಆ ಅಪ್ಪ ಗದರಿದಾಗ ಮಗುವಿನ ಮುಖ ಒಂದು ಕ್ಷಣ ಸಣ್ಣಗಾಗುತ್ತದಲ್ಲ, ಅದು ಹೇಳಿಕೊಟ್ಟು ಬರುವುದಿಲ್ಲ ಕಣೋ. ಆ ಮಗುವಿಗೆ ಸೆಟ್‌ನಲ್ಲಿ ಹೆದರಿಕೆ ಇರಲಿಲ್ಲ ಅಂತ ಮಾತ್ರ ಅದರ ಅರ್ಥ. ಕ್ಯಾಮೆರಾ ಎದುರು ಹೆದರಿಕೆ ಅಂದರೆ ಏನು ಅಂತ ಸ್ವತಃ ಉಂಡವನಿಗೇ ಅದನ್ನು ಬೇರೆಯವರ ಎದೆಯಿಂದ ತೆಗೆಯಲು ಬರುವುದು.

ಆಮೇಲೆ 'ಒಂದು ಮುತ್ತಿನ ಕಥೆ'. ಅಣ್ಣಾವ್ರನ್ನು ಮುತ್ತಿಗಾಗಿ ಕಡಲಿಗೆ ಧುಮುಕುವ ಬಡವ ಐತುವಾಗಿ ನಿಲ್ಲಿಸಿದರು. ನೀರಿನೊಳಗೆ ಕ್ಯಾಮೆರಾ ಇಳಿಸಿದರು. 1987ರಲ್ಲಿ! ಹಾಡುಗಳ ರೆಕಾರ್ಡಿಂಗ್‌ಗೆ ನಮ್ಮವರು ಮದ್ರಾಸಿಗೆ ಓಡುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಕಟ್ಟಿದರು. ಇಷ್ಟೆಲ್ಲದರ ನಡುವೆ 'ಸಾಂಗ್ಲಿಯಾನ' ಆಗಿ ಪೊಲೀಸ್ ಟೋಪಿಯನ್ನೂ ಹಾಕಿದರು, ಜನ ಶಿಳ್ಳೆ ಹೊಡೆದರು. ಆ ಶಿಳ್ಳೆ ಹೊಡೆದವರನ್ನು ಅವರು ಯಾವತ್ತೂ ಕೀಳಾಗಿ ಕಂಡವರಲ್ಲ ಅನ್ನುವುದಕ್ಕೆ ಆಟೋಗಳ ಹಿಂದಿನ ಚಿತ್ರವೇ ಸಾಕ್ಷಿ. ಪ್ರೀತಿ ಒಂದೇ ಕಡೆಯಿಂದ ಇದ್ದರೆ ಅಷ್ಟು ಕಾಲ ಬಾಳುವುದಿಲ್ಲ.

1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತ, ಶಂಕರಣ್ಣ ಹೋಗಿಬಿಟ್ಟರು. 'ಜೋಕುಮಾರಸ್ವಾಮಿ' ಶೂಟಿಂಗ್‌ಗೆ ಲೋಕಾಪುರಕ್ಕೆ ಹೊರಟಿದ್ದರು. ಮೂವತ್ತಾರು ಇನ್ನೂ ತುಂಬಿರಲಿಲ್ಲ. ಇದರ ಬಗ್ಗೆ ಜಾಸ್ತಿ ಬರೆಯಲು ನನ್ನ ಕೈಲಿ ಆಗುವುದಿಲ್ಲ. ಅರುಂಧತಿಯವರು ಆ ಪೆಟ್ಟಿನಿಂದ ಎದ್ದು ನಿಂತು, 2004ರಲ್ಲಿ ಬೆಂಗಳೂರಿನಲ್ಲಿ 'ರಂಗಶಂಕರ' ರಂಗಮಂದಿರದ ಬಾಗಿಲು ತೆರೆದರು. ಅಲ್ಲಿ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ನಾಟಕ ಶುರುವಾಗುವುದಕ್ಕೆ ಕಾದದ್ದು ನಿನಗೆ ನೆನಪಿರಬೇಕು.

ಈಗ ನಿನ್ನ ಸ್ಕ್ರಿಪ್ಟ್. ನೀನು ಕಳಿಸಿದ್ದನ್ನು ಎರಡು ಸಲ ಓದಿದೆ. ಕತೆ ಚೆನ್ನಾಗಿದೆ, ಮನಸ್ಸಿನಿಂದ ಹೇಳುತ್ತಿದ್ದೇನೆ. ಆದರೆ ಅರವತ್ತೆರಡು ದೃಶ್ಯದಲ್ಲಿ ಐವತ್ತೊಂಬತ್ತರಲ್ಲಿ ನೀನೇ ಇದ್ದೀಯ. ನಾನು ಪೆನ್ಸಿಲ್ ಹಿಡಿದು ಎಣಿಸಿದೆ. ಎಲ್ಲರೂ ನಿನ್ನ ಹತ್ತಿರವೇ ಬಂದು ಮಾತಾಡುತ್ತಾರೆ, ನಿನ್ನ ಮುಖ ನೋಡಿಯೇ ಅಳುತ್ತಾರೆ. ತಮ್ಮನ ಪಾತ್ರ ಇದೆಯಲ್ಲ, ಮನೆ ಬಿಟ್ಟು ಹೋಗಿ ನಾಲ್ಕು ವರ್ಷದ ಮೇಲೆ ಅಪ್ಪನ ಚಪ್ಪಲಿ ಹಾಕಿಕೊಂಡು ವಾಪಸ್ ಬರುವವನು. ಆ ಚಪ್ಪಲಿ ಬಾಗಿಲಲ್ಲಿ ಬಿಡುವ ದೃಶ್ಯ ಓದುವಾಗ ನನಗೆ ಗಂಟಲು ಕಟ್ಟಿತು. ಕತೆ ಇರುವುದು ಅವನ ಹತ್ತಿರ. ನೀನು ಅವನಿಗೆ ಮೂರೇ ದೃಶ್ಯ ಕೊಟ್ಟಿದ್ದೀಯ.

ಹತ್ತು ವರ್ಷ ಬೇರೆಯವರ ಕತೆಯಲ್ಲಿ ಮೂಲೆಯಲ್ಲಿ ನಿಂತವನಿಗೆ ನಡುವೆ ನಿಲ್ಲುವ ಆಸೆ ಇರುವುದು ತಪ್ಪಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ಕಾಲೇಜಿನ ನಾಟಕದ ದಿನಗಳು ನನಗೆ ಮರೆತಿಲ್ಲ. ನಿನ್ನ ಪಾತ್ರ ಎರಡನೇ ಅಂಕಕ್ಕೇ ಮುಗಿಯುತ್ತಿತ್ತು. ಬೇರೆಯವರಾಗಿದ್ದರೆ ಮೇಕಪ್ ಅಳಿಸಿ ಟೀ ಕುಡಿಯಲು ಹೋಗುತ್ತಿದ್ದರು. ನೀನು ಸೈಡ್‌ವಿಂಗ್‌ನಲ್ಲಿ ಪರದೆ ಹಿಡಿದುಕೊಂಡು ನಿಲ್ಲುತ್ತಿದ್ದೆ. ರಂಗದ ಮೇಲಿದ್ದವರ ಮಾತನ್ನೆಲ್ಲ ನಿನ್ನ ತುಟಿ ಹೇಳುತ್ತಿತ್ತು, ಸದ್ದಿಲ್ಲದೆ. ಒಬ್ಬ ಹುಡುಗ ಮಾತು ಮರೆತಾಗ ನೀನು ಕಣ್ಣಲ್ಲೇ ಏನೋ ಹೇಳಿದೆ, ಅವನು ಹಿಡಿದುಕೊಂಡು ಮುಂದೆ ಹೋದ. ನೋಡುತ್ತಿದ್ದ ಜನಕ್ಕೆ ಗೊತ್ತೂ ಆಗಲಿಲ್ಲ. ನನಗೆ ಗೊತ್ತಾಯಿತು, ಯಾಕೆಂದರೆ ನಾನು ನಿನ್ನನ್ನೇ ನೋಡುತ್ತಿದ್ದೆ. ನೀನು ನಿರ್ದೇಶಕ ಆದದ್ದು ಆವತ್ತು ಅಂತ ನನ್ನ ನಂಬಿಕೆ. ದಂಡ ಆಯಿತು ಅನ್ನುವ ಮಾತನ್ನು ನಾನು ಒಪ್ಪದೇ ಇರುವುದು ಅದಕ್ಕೇ.

ಈ ಭಾನುವಾರ ಬಾ. ಮಧ್ಯಾಹ್ನ 'ಆಕ್ಸಿಡೆಂಟ್' ಇಬ್ಬರೂ ಕೂತು ನೋಡೋಣ. ನೀನು ಶಂಕರಣ್ಣನನ್ನು ಮಾತ್ರ ನೋಡು, ಅವರು ಮಾತಾಡದೇ ಇರುವಾಗ. ಸ್ಕ್ರಿಪ್ಟಿನ ಎರಡು ಪ್ರತಿ ತೆಗೆಸಿಕೊಂಡು ಬಾ. ಸಂಜೆ ಗಟ್ಟಿಯಾಗಿ ಓದೋಣ. ತಮ್ಮನ ಮಾತು ನೀನು ಓದು. ನಿನ್ನ ಮಾತು ನಾನು ಓದುತ್ತೇನೆ.

ಇಂತಿ ನಿನ್ನ
ಗೆಳೆಯ