ಎರಡು ಡಿಗ್ರಿ ಇಳಿಸಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. "ಅಪ್ಪಾ, ಕೋಲ್ಡ್ ಸ್ಟೋರೇಜ್ ಕೋಣೆ 1 ಡಿಗ್ರಿಯಲ್ಲೇ ಇತ್ತು, ದಿನಾ ಬರೆದಿಟ್ಟಿದ್ದೀನಿ. ಆದ್ರೂ ಸೇಬಿನ ಮೇಲೆ ಕಂದು ಚುಕ್ಕೆ ಬಂದಿದೆ. ಇನ್ನೂ 2 ಡಿಗ್ರಿ ಇಳಿಸಲಾ?" ಅಂತ ಕೇಳಿದೆ. ನಾನು "ಬೇಡ" ಅಂದೆ, ಅಷ್ಟೇ. ಯಾಕೆ ಬೇಡ ಅಂತ ಈಗ ಕೂತು ಬರೆಯುತ್ತಿದ್ದೇನೆ.

ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಚುಕ್ಕೆಗಳು ತೊಟ್ಟಿನ ಕಡೆ ಕಡಿಮೆ. ಹೂವು ಉದುರಿದ ಕಡೆ, ಹಣ್ಣಿನ ಬುಡದಲ್ಲಿ ಗುಂಪುಗೂಡಿವೆ. ಒಂದು ಹಣ್ಣು ತೆಗೆದುಕೊಂಡು ಆ ಜಾಗದಲ್ಲಿ ಬೆರಳಾಡಿಸು. ಸಣ್ಣ ಸಣ್ಣ ಕುಳಿ ಸಿಗುತ್ತಾ? ಸಿಪ್ಪೆ ತೆಳ್ಳಗೆ ಹೆರೆದು ನೋಡು. ಕೆಳಗಿನ ತಿರುಳು ಒಣಗಿ ಬೆಂಡಿನ ಹಾಗಾಗಿದ್ದರೆ ಅದು ಬಿಟರ್ ಪಿಟ್. ಅದು ಕೊಳೆಯಲ್ಲ, ಬೂಷ್ಟೂ ಅಲ್ಲ. ಪಕ್ಕದ ಹಣ್ಣಿಗೆ ಹರಡುವುದಿಲ್ಲ. ಹಣ್ಣಿಗೆ ಕ್ಯಾಲ್ಸಿಯಂ ಸಾಲದೇ ಬರುವ ತೊಂದರೆ ಅದು. ಮರದಲ್ಲಿದ್ದಾಗಲೇ ಶುರುವಾಗಿ ನಿನ್ನ ಕೋಣೆಯಲ್ಲಿ ಕಣ್ಣಿಗೆ ಬಿದ್ದಿದೆ. ನೀನು ಏನೂ ತಪ್ಪು ಮಾಡಿಲ್ಲ ಮಗಳೇ.

ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆ ಮೇಲೇರುತ್ತದೆ. ನೀರನ್ನು ಜಾಸ್ತಿ ಎಳೆಯುವುದು ಎಲೆ. ಹಾಗಾಗಿ ಹೆಚ್ಚಿನ ಪಾಲು ಎಲೆಗೆ ಹೋಗುತ್ತದೆ. ಒಮ್ಮೆ ಎಲೆ ಸೇರಿದ್ದು ಮತ್ತೆ ಹಣ್ಣಿಗೆ ಇಳಿಯುವುದಿಲ್ಲ ಅಂತಲೇ ಹೇಳಬಹುದು. ಸಾರಜನಕದ ಗೊಬ್ಬರ ಸುರಿದು ಚಿಗುರು ಹುಚ್ಚೆದ್ದು ಬೆಳೆದ ಮರದಲ್ಲಿ, ಫಸಲು ಕಡಿಮೆಯಾಗಿ ಕಾಯಿ ದಪ್ಪ ದಪ್ಪ ಬಂದ ಮರದಲ್ಲಿ ಇದು ಹೆಚ್ಚು. ನೀರು ಒಂದು ವಾರ ಸಿಕ್ಕಿ ಇನ್ನೊಂದು ವಾರ ಸಿಗದಿದ್ದರೂ ಬರುತ್ತದೆ. ಮುಂದಿನ ಸಲಕ್ಕೆ ಬೆಳೆಗಾರರ ಹತ್ತಿರ ಮಾತಾಡು. ಕಾಯಿ ಬೆಳೆಯುವಾಗಲೇ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವನ್ನು ಹಲವು ಸಲ ಸಿಂಪಡಿಸಬೇಕು, ಅದೂ ಕಾಯಿಗೇ ತಾಗುವ ಹಾಗೆ. ಈ ವರ್ಷಕ್ಕೆ ದಪ್ಪ ಹಣ್ಣುಗಳನ್ನು ಬೇರೆ ಮಾಡಿ ಮೊದಲು ಮಾರಿಬಿಡು. ಅವನ್ನು ತಿಂಗಳುಗಟ್ಟಲೆ ಇಡಬೇಡ.

ಈಗ ಆ 2 ಡಿಗ್ರಿ ವಿಷಯ. ಸೇಬು ಸೊನ್ನೆಗಿಂತ ಒಂದೂವರೆ, ಎರಡು ಡಿಗ್ರಿ ಕೆಳಗಿಳಿದರೆ ಒಳಗೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಶಾಖ ಅಳೆಯುವ ನಿನ್ನ ಮೀಟರ್ ಬಾಗಿಲ ಹತ್ತಿರ ಇದೆ ಅಂದೆ ಅಲ್ವಾ? ತಣ್ಣನೆ ಗಾಳಿ ಹೊರಬರುವ ಫ್ಯಾನಿನ ಎದುರಿಗಿರುವ ಕ್ರೇಟು ಅದಕ್ಕಿಂತ ತಣ್ಣಗಿರುತ್ತದೆ. ಮೀಟರ್ ಮೈನಸ್ 1 ತೋರಿಸುವಾಗ ಅಲ್ಲಿನ ಹಣ್ಣು ಆಗಲೇ ಕೆಟ್ಟಿರಬಹುದು. ನಾಳೆಯೇ ಇನ್ನೊಂದು ಮೀಟರ್ ಅಲ್ಲಿಡು. ಇನ್ನೊಂದನ್ನು ಸಾಲಿನ ನಡುವೆ, ಕ್ರೇಟಿನ ಒಳಗೆ ಇಡು. ಗೋಡೆಗೂ ಕ್ರೇಟಿಗೂ ನಡುವೆ ಒಂದು ಗೇಣು ಜಾಗ ಬಿಡು. ಗಾಳಿ ಓಡಾಡದ ಕಡೆ ತಂಪೂ ಹೋಗುವುದಿಲ್ಲ.

ಹೆಚ್ಚು ತಂಪು ಕೊಟ್ಟಷ್ಟೂ ಒಳ್ಳೆಯದು ಅಂತ ನಾನೂ ನಂಬಿದ್ದೆ. ನೀನು ಆಗ ಇನ್ನೂ ಚಿಕ್ಕವಳು. ಸೇಬಿನ ಕೋಣೆ ಅರ್ಧ ಖಾಲಿ ಇತ್ತು. ಬಲಿತ ಮಾವಿನಕಾಯಿ ಬಂದಿತ್ತು. ಸುಮ್ನೆ ಅಲ್ಲೇ ಇಡಿಸಿದೆ. ಮೂರು ವಾರ ನೋಡಲು ಚೆನ್ನಾಗಿಯೇ ಇತ್ತು, ಹಸಿರು, ಗಟ್ಟಿ. ಹೊರಗೆ ತೆಗೆದು ಎರಡು ದಿನಕ್ಕೆ ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗಿತು. ಅಲ್ಲಲ್ಲಿ ಗುಂಡಿ ಬಿತ್ತು. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಕಲ್ಲು. ಕತ್ತರಿಸಿ ಮೂಸಿದೆ. ವಾಸನೆಯೇ ಇಲ್ಲ, ಒದ್ದೆ ಕಟ್ಟಿಗೆ ಮೂಸಿದ ಹಾಗೆ. ಅಷ್ಟೂ ಮಾಲು ಎಸೆಯಬೇಕಾಯಿತು. ಬೆಳೆದವರ ಮುಖ ನೋಡಲು ನನಗೆ ಆಗಲಿಲ್ಲ. ಆ ದಿನ ಇವತ್ತಿಗೂ ನೆನಪಿದೆ.

ಸೆಖೆ ನಾಡಿನ ಹಣ್ಣಿಗೆ ತಣ್ಣಗಿನ ಗಾಯ ಆಗುತ್ತದೆ. ಬಾಳೆ 13 ಡಿಗ್ರಿಗಿಂತ ಕೆಳಗೆ ಹೋಗಬಾರದು. ಮಾವಿನಕಾಯಿಯನ್ನೂ 13ರ ಆಸುಪಾಸಿನಲ್ಲಿಡುವುದು ಕ್ಷೇಮ. ಕೋಣೆಯೊಳಗೆ ಇದ್ದಷ್ಟು ದಿನ ಈ ಗಾಯ ಕಾಣುವುದೇ ಇಲ್ಲ, ಹೊರಗೆ ಬಂದ ಮೇಲೆ ಕಾಣುತ್ತದೆ. ಅದೇ ಮೋಸ. ಹೊಸ ಹಣ್ಣು ಬಂದಾಗ ಒಂದು ಕ್ರೇಟು ಮಾತ್ರ ಆಗಾಗ ಹೊರಗೆ ತೆಗೆದು ನಾಲ್ಕು ದಿನ ಇಟ್ಟು ನೋಡುತ್ತಿರು.

ಕಿತ್ತ ಹಣ್ಣಿಗೆ ಜೀವ ಇರುತ್ತದೆ ಪುಟ್ಟಿ. ಆಮ್ಲಜನಕ ಎಳೆದುಕೊಂಡು, ತನ್ನೊಳಗಿನ ಸಕ್ಕರೆ ಉರಿಸಿ, ಶಾಖ ಬಿಡುತ್ತಿರುತ್ತದೆ. ಆದರೆ ಮರ ಊಟ ಕೊಡುವುದು ನಿಂತಿದೆ. 10 ಡಿಗ್ರಿ ಶಾಖ ಏರಿದರೆ ಉಸಿರಾಟ ಎರಡು ಮೂರು ಪಟ್ಟಾಗುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಕಿತ್ತು ಲಾರಿಯಲ್ಲಿ ಬಿಟ್ಟ ಹಣ್ಣು ಕೋಣೆಗೆ ಬರುವಷ್ಟರಲ್ಲೇ ತನ್ನ ಆಯುಷ್ಯದ ಎಷ್ಟೋ ಪಾಲು ಕಳೆದುಕೊಂಡಿರುತ್ತದೆ. ಅದನ್ನು ಯಾವ ಯಂತ್ರವೂ ವಾಪಸ್ ಕೊಡುವುದಿಲ್ಲ. ಬೆಳಗ್ಗೆ ಕೀಳಿಸು, ನೆರಳಲ್ಲಿಡಿಸು, ಆ ದಿನವೇ ತಣಿಸು.

ಬಾಳೆ ಮತ್ತು ಸೇಬನ್ನು ಒಂದೇ ಕೋಣೆಯಲ್ಲಿ ಇಡಬೇಡ ಅನ್ನುವುದಕ್ಕೆ ಬರೀ ತಂಪು ಕಾರಣವಲ್ಲ. ಸೇಬು ಎಥಿಲೀನ್ ಅನಿಲ ಬಿಡುತ್ತದೆ, ಅದು ತಾಗಿದರೆ ಬಾಳೆಕಾಯಿ ಬೇಗ ಹಣ್ಣಾಗುತ್ತದೆ. ಹಣ್ಣು ತಾನೇ ಈ ಅನಿಲ ತಯಾರಿಸುತ್ತದೆ ಅಂತ 1934ರಲ್ಲಿ ರಿಚರ್ಡ್ ಗೇನ್ ಅನ್ನುವ ವಿಜ್ಞಾನಿ ತೋರಿಸಿಕೊಟ್ಟರು. ಕೊಳೆತ ಹಣ್ಣೂ ಎಥಿಲೀನ್ ಬಿಡುತ್ತದೆ. ಒಂದನ್ನು ಆರಿಸಿ ತೆಗೆಯದೇ ಬಿಟ್ಟರೆ ಇಡೀ ಕ್ರೇಟಿಗೆ ಅವಸರ ಹತ್ತುತ್ತದೆ.

ಬೂಷ್ಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಿನಗೆ ಗೊತ್ತು. ನೀಲಿ ಬೂಷ್ಟು ಹೆಚ್ಚಾಗಿ ಗಾಯದ ಮೂಲಕವೇ ಒಳಗೆ ಹೋಗುತ್ತದೆ. ಅದಕ್ಕೆ ಕೆಲಸದವರ ಉಗುರು ನೋಡು, ಕ್ರೇಟಿನ ಒಳ ಅಂಚು ಸವರಿ ನೋಡು. ಮೊನಚಾದ ತೊಟ್ಟು ಪಕ್ಕದ ಹಣ್ಣಿಗೆ ಚುಚ್ಚುತ್ತದೆಯಾ ನೋಡು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ನೀಲಿ ಬೂಷ್ಟು ಹಿಡಿದ ಸೇಬನ್ನು ಆ ಭಾಗ ಕತ್ತರಿಸಿ ಜ್ಯೂಸಿಗೆ ಕಳಿಸು ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಅದು ಪ್ಯಾಟುಲಿನ್ ಅನ್ನುವ ವಿಷ ಬಿಡುತ್ತದೆ, ಕಾಣದ ಭಾಗಕ್ಕೂ ಹರಡಿರಬಹುದು.

ಮಾವಿನ ಕಪ್ಪು ಚುಕ್ಕೆ ರೋಗದ ಕಥೆ ಬೇರೆ. ಮಳೆಯಲ್ಲಿ ಎಳೆಗಾಯಿಯ ಮೇಲೆ ಕೂತ ಶಿಲೀಂಧ್ರ ಸಿಪ್ಪೆಯಲ್ಲೇ ಮಲಗಿರುತ್ತದೆ. ಕಾಯಿ ಹಣ್ಣಾಗುವಾಗ ಎದ್ದೇಳುತ್ತದೆ. ಕಿತ್ತ ಕೂಡಲೇ 52 ಡಿಗ್ರಿ ಬಿಸಿನೀರಲ್ಲಿ ಸುಮಾರು 5 ನಿಮಿಷ ಮುಳುಗಿಸಿದರೆ ತುಂಬಾ ಕಡಿಮೆಯಾಗುತ್ತದೆ. ಆದರೆ ನೀರಿನ ಶಾಖ ಕೈಯಲ್ಲಿ ಅಂದಾಜು ಮಾಡಬೇಡ. ಸ್ವಲ್ಪ ಏರಿದರೂ ಸಿಪ್ಪೆ ಬೇಯುತ್ತದೆ.

ತಣ್ಣಗಿನ ಹಣ್ಣನ್ನು ಒಮ್ಮೆಲೇ ಸೆಖೆಗೆ ತರಬೇಡ. ಮೈಯೆಲ್ಲ ಬೆವರಿ, ಆ ಹನಿಯಲ್ಲಿ ಬೂಷ್ಟಿನ ಬೀಜಾಣು ಮೊಳೆಯುತ್ತದೆ. ಕೋಣೆಯ ತೇವ ಮಾತ್ರ 90ರಿಂದ 95 ಶೇಕಡಾ ಇರಲಿ, ಇಲ್ಲದಿದ್ದರೆ ಸುಕ್ಕುಗಟ್ಟುತ್ತದೆ. ಗಾಳಿಯಲ್ಲಿ ತೇವ ಇರಬೇಕು, ಹಣ್ಣಿನ ಮೇಲೆ ನೀರು ನಿಲ್ಲಬಾರದು.

ಮುಂದಿನ ವರ್ಷ ಆಮ್ಲಜನಕ ಕಡಿಮೆ ಮಾಡುವ ಕೋಣೆ ಕಟ್ಟಿಸುತ್ತಾರೆ ಅಂದೆ. ಒಳ್ಳೆಯದೇ. ಕಿಡ್ ಮತ್ತು ವೆಸ್ಟ್ ಅನ್ನುವ ಇಬ್ಬರು ವಿಜ್ಞಾನಿಗಳು 1920ರ ದಶಕದಲ್ಲೇ ಕೇಂಬ್ರಿಡ್ಜಿನಲ್ಲಿ ಈ ದಾರಿ ಹಾಕಿಕೊಟ್ಟಿದ್ದರು. ಸೇಬು ತಿಂಗಳುಗಟ್ಟಲೆ ಗರಿಗರಿಯಾಗಿ ಉಳಿಯುತ್ತದೆ. ಆದರೆ ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ 21 ಶೇಕಡಾ, ಆ ಕೋಣೆಯಲ್ಲಿ 1ರಿಂದ 3. ಒಳಗೆ ಕಾಲಿಟ್ಟವರು ಕೂಗುವ ಮೊದಲೇ ಬೀಳುತ್ತಾರೆ. ಎತ್ತಲು ಹೋದವರೂ ಬೀಳುತ್ತಾರೆ. ಯಾವ ಮಾಲು ಹಾಳಾದರೂ ಸರಿ, ಹೊರಗಿನ ಗಾಳಿ ತುಂಬಿಸಿ, ಆಮ್ಲಜನಕ ಅಳೆದು ನೋಡದೆ ನೀನು ಒಳಗೆ ಹೋಗಬೇಡ. ಬೇರೆಯವರನ್ನೂ ಬಿಡಬೇಡ. ಇದನ್ನು ಮಾತ್ರ ನನಗೆ ಮಾತು ಕೊಡು.

ನಾಳೆ ಬೆಳಗ್ಗೆ ಫ್ಯಾನಿನ ಎದುರಿನ ಕ್ರೇಟಿನಿಂದ ಮೂರು, ನಡುವಿನಿಂದ ಮೂರು, ಬಾಗಿಲ ಹತ್ತಿರದಿಂದ ಮೂರು ಸೇಬು ತೆಗೆದು ಅಡ್ಡಕ್ಕೆ ಕತ್ತರಿಸು. ಯಾವುದು ಎಲ್ಲಿಯದು ಅಂತ ಬರೆದಿಟ್ಟು ಫೋಟೋ ಕಳಿಸು. ಬೀಜದ ಸುತ್ತ ಕಂದು ಬಂದಿದೆಯಾ ಅಂತ ನನಗೂ ನೋಡಬೇಕಿದೆ. ಅಮ್ಮನೂ ಕನ್ನಡಕ ತೆಗೆದಿಟ್ಟುಕೊಂಡಿದ್ದಾಳೆ.

ನಿನ್ನ
ಅಪ್ಪ