ವಾಗ್ದೇವಿ ಗೊತ್ತಿದ್ದವರಿಗೆ ‘ವಾಕ್ಟ್’ ಕಷ್ಟವಲ್ಲ

ಮಾನ್ಯ ಸಂಪಾದಕರೇ,

ನಿಮ್ಮಲ್ಲಿ ವಾರಕ್ಕೊಮ್ಮೆ ಬರುವ ಇಂಗ್ಲಿಷ್ ಕಲಿಕೆಯ ಅಂಕಣವನ್ನು ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಕಳೆದ ವಾರದ್ದರಲ್ಲಿ worked, helped, washed ಎಂಬ ಭೂತಕಾಲದ ಪದಗಳ ಉಚ್ಚಾರಣೆ ‘ವರ್ಕೆಡ್’, ‘ಹೆಲ್ಪೆಡ್’, ‘ವಾಷೆಡ್’ ಎಂದು ಅಚ್ಚಾಗಿತ್ತು. ನೋಡಿ ಸುಮ್ನೆ ಕೂರಲು ಆಗಲಿಲ್ಲ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ಇಂಗ್ಲಿಷ್ ನನ್ನ ವಿಷಯವಲ್ಲ. ಹನುಮಂತನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವವರ ಮಗಳೊಬ್ಬಳಿದ್ದಾಳೆ. 2007ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಯಿತಲ್ಲ, ಆಗ ಒಂದನೇ ತರಗತಿಗೆ ಸೇರಿದವಳು. ಬಿ.ಕಾಂ. ಮುಗಿಸಿ ಮೊನ್ನೆ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದಳು. ‘ಐ ವರ್ಕೆಡ್ ಇನ್ ಎ ಶಾಪ್, ಐ ಹೆಲ್ಪೆಡ್ ಮೈ ಫಾದರ್’ ಅಂದಳಂತೆ. ಎದುರಿಗಿದ್ದ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರಂತೆ. ಮನೆಗೆ ಬಂದವಳೇ ‘ಮಿಸ್, ಗ್ರಾಮರ್ ತಪ್ಪಿತ್ತಾ?’ ಎಂದು ಕೇಳಿದಳು.

ಗ್ರಾಮರ್ ಸರಿಯಾಗೇ ಇತ್ತು. ಕೊನೆಯ ಸದ್ದು ತಪ್ಪಿತ್ತು. ನಿಜ ಹೇಳಬೇಕೆಂದರೆ ಅದು ನನಗೂ ಗೊತ್ತಿರಲಿಲ್ಲ. ನಾನೂ ಇಷ್ಟು ವರ್ಷ ‘ಆಸ್ಕೆಡ್’ ಅಂದುಕೊಂಡೇ ಬಂದವಳು.

ಇಬ್ಬರೂ ಕೂತು ಮೊಬೈಲಿನಲ್ಲಿ ನಿಘಂಟು ತೆರೆದೆವು. ಸ್ಪೀಕರಿನ ಗುರುತು ಒತ್ತಿ ಒತ್ತಿ ಕೇಳಿ, ಕೇಳಿದ್ದನ್ನು ಕನ್ನಡದಲ್ಲೇ ಬರೆದುಕೊಂಡೆವು. ವರ್ಕ್ಟ್, ಹೆಲ್ಪ್ಟ್, ವಾಷ್ಟ್, ಪಾಸ್ಟ್. ಬೆಗ್ಡ್, ರಬ್ಡ್, ಕಾಲ್ಡ್, ಪ್ಲೇಡ್. ವಾಂಟಿಡ್, ನೀಡಿಡ್. ಒಂದು ಪುಟ ತುಂಬಿದ ಮೇಲೆ ನನಗೆ ನಗು ಬಂತು. ಇದು ನಾನು ಎಂಟನೇ ಕ್ಲಾಸಿಗೆ ಬೋರ್ಡಿನ ಮೇಲೆ ಬರೆಯುತ್ತಿದ್ದ ವರ್ಣಮಾಲೆಯೇ ಅಲ್ವಾ!

ನಮ್ಮ ವರ್ಗದ ಸಾಲುಗಳಲ್ಲಿ ಮೊದಲನೆಯವು ಕ, ಚ, ಪ. ಮೂರನೆಯವು ಗ, ಜ, ಬ. ಗಂಟಲ ಮೇಲೆ ಬೆರಳಿಟ್ಟು, ಸ್ವರ ಸೇರಿಸದೆ ಬರೀ ‘ಕ್’ ಅನ್ನಿ. ಆಮೇಲೆ ‘ಗ್’ ಅನ್ನಿ. ಗ್ ಅಂದಾಗ ಗಂಟಲು ಗುಂಯ್ ಅನ್ನುತ್ತದೆ, ಕ್ ಅಂದಾಗ ಇಲ್ಲ. ಇಂಗ್ಲಿಷ್ ಕ್ರಿಯಾಪದದ ಕೊನೆಯ ಸದ್ದು ಕ್, ಚ್, ಪ್ ಆಗಿದ್ದರೆ, ಭೂತಕಾಲಕ್ಕೆ -ed ಎಂದು ಬರೆದರೂ ಬಾಯಲ್ಲಿ ಅದಕ್ಕೆ ಸೇರುವುದು ‘ಟ್’. ಸ್, ಶ್, ಫ್ ಕೂಡ ಇದೇ ಗುಂಪು. ಗ್, ಜ್, ಬ್, ಲ್, ನ್, ಮ್ ಅಥವಾ ಸ್ವರ ಇದ್ದರೆ ‘ಡ್’. ಕೊನೆಯಲ್ಲಿ ಮೊದಲೇ ಟ್ ಅಥವಾ ಡ್ ಇದ್ದರೆ ಮಾತ್ರ ನಡುವೆ ಒಂದು ಸ್ವರ ಬೇಕಾಗುತ್ತದೆ, ಇಲ್ಲದಿದ್ದರೆ ಎರಡೂ ಸದ್ದು ಒಂದರೊಳಗೊಂದು ಕರಗಿಹೋಗುತ್ತವೆ. ಅದಕ್ಕೇ ವಾಂಟಿಡ್. ನೇಕಿಡ್, ವಿಕಿಡ್ ಥರದ ನಾಲ್ಕಾರು ಗುಣವಾಚಕಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ, ಅವನ್ನು ಬಾಯಿಪಾಠ ಮಾಡಬೇಕು.

ವಾಕ್ ಮತ್ತು ದೇವಿ ಸೇರಿದರೆ ವಾಗ್ದೇವಿ. ಮುಂದಿನ ದಕಾರದ ಸಹವಾಸಕ್ಕೆ ಹಿಂದಿನ ಕಕಾರ ಗಕಾರವಾಗುತ್ತದೆ. ಇನ್ನು ಇಂಗ್ಲಿಷಿನ ವಾಕ್, ನಾನು ದಿನಾ ಬೆಳಿಗ್ಗೆ ರಾಮಾಂಜನೇಯ ಗುಡ್ಡದ ಕಡೆ ಹೋಗುವ ವಾಕ್, ಅದಕ್ಕೆ ಡ್ ಸೇರಿದರೆ ವಾಕ್ಟ್. ಇಲ್ಲಿ ಹಿಂದಿನ ಅಕ್ಷರ ಜಗ್ಗುವುದಿಲ್ಲ, ಮುಂದೆ ಬಂದದ್ದೇ ಬಗ್ಗುತ್ತದೆ. ವ್ಯತ್ಯಾಸ ಅಷ್ಟೇ. ಇದನ್ನು ಹೇಳಿದಾಗ ಹುಡುಗಿ ‘ಇಷ್ಟೇನಾ ಮಿಸ್? ಹದಿನೈದು ವರ್ಷದಲ್ಲಿ ಯಾರೂ ಹೇಳಲೇ ಇಲ್ಲವಲ್ಲ’ ಅಂದಳು.

‘ಆಸ್ಕ್ಟ್’ ಮಾತ್ರ ಅವಳ ನಾಲಿಗೆಗೆ ಒಂದು ವಾರ ಸತಾಯಿಸಿತು. ಇಂಗ್ಲಿಷರೇ ಅವಸರದಲ್ಲಿ ನಡುವಿನ ಕ್ ನುಂಗಿ ‘ಆಸ್ಟ್’ ಅನ್ನುವುದುಂಟು. ಮುಂದಿನ ಪದ ಸ್ವರದಿಂದ ಶುರುವಾದರೆ ಇನ್ನೂ ಸುಲಭ. ‘ವರ್ಕ್ಟ್ ಇನ್’ ಅನ್ನುವುದು ‘ವರ್ಕ್ ಟಿನ್’ ಆಗಿಬಿಡುತ್ತದೆ.

ಬಹುವಚನದ ಕಥೆಯೂ ಹೀಗೇ. ಬುಕ್ಸ್ ಸರಿ, ಆದರೆ ಬ್ಯಾಗ್ಸ್ ಅಲ್ಲ, ಬ್ಯಾಗ್ಜ಼್. ಆ ಸದ್ದು ನಮ್ಮಲ್ಲಿಲ್ಲ, ಜಕಾರದ ಕೆಳಗೆ ಎರಡು ಚುಕ್ಕೆ ಇಟ್ಟು ತೋರಿಸಬೇಕು.

ನಮ್ಮ ಮಕ್ಕಳು ‘ವರ್ಕೆಡ್’ ಅನ್ನುವುದು ದಡ್ಡತನದಿಂದ ಅಲ್ಲ. ಬರೆದದ್ದನ್ನು ಬರೆದಂತೆ ಓದುವುದು ನಮಗೆ ಒಂದನೇ ಕ್ಲಾಸಿನಿಂದ ಬಂದ ಅಭ್ಯಾಸ. ಹಿಂದೆ ಇಂಗ್ಲಿಷರೂ ಅಲ್ಲಿ ಸ್ವರ ಹಚ್ಚಿಯೇ ಹೇಳುತ್ತಿದ್ದರು. ಆಡುತ್ತ ಆಡುತ್ತ ಅದು ಬಾಯಲ್ಲಿ ಸವೆಯಿತು, ಕಾಗದದ ಮೇಲೆ ಉಳಿಯಿತು. ನಾವು ‘ಬರುತ್ತದೆ’ ಎಂದು ಬರೆದು ‘ಬರತ್ತೆ’ ಅನ್ನುವುದಿಲ್ಲವೇ?

ಹಾಗೆಯೇ ‘ಬಸ್ಸು’, ‘ಕಾರು’, ‘ಬ್ಯಾಂಕು’ ಅಂದರೆ ಆಡಿಕೊಳ್ಳುವವರೂ ಈ ಊರಲ್ಲಿ ಜಾಸ್ತಿ ಆಗಿದ್ದಾರೆ. ಅವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಪದದ ಕೊನೆಗೆ ಸ್ವರ ಬೇಕೆನ್ನುವುದು ಕನ್ನಡದ ಸ್ವಭಾವ. ಕನ್ನಡ ಮಾತಾಡುವಾಗ ‘ಬಸ್ಸು ಬಂತು’ ಅನ್ನುವುದೇ ಸರಿ. ಇಂಗ್ಲಿಷ್ ಆಡುವಾಗ ಆ ಉಕಾರವನ್ನು ಚಪ್ಪಲಿಯ ಹಾಗೆ ಬಾಗಿಲಲ್ಲಿ ಬಿಟ್ಟು ಒಳಗೆ ಹೋದರಾಯಿತು.

ಈಗ ನನ್ನ ಕೋರಿಕೆ. ನಿಮ್ಮ ಅಂಕಣದಲ್ಲಿ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆಯುವಾಗ ಕಾಗುಣಿತ ನೋಡಿ ಬರೆಯಬೇಡಿ, ಕಿವಿಯಲ್ಲಿ ಕೇಳಿ ಬರೆಯಿರಿ. ‘ಹೆಲ್ಪ್ಟ್’ ಕಣ್ಣಿಗೆ ಒರಟಾಗಿ ಕಾಣಬಹುದು, ಅಚ್ಚು ಜೋಡಿಸುವವರಿಗೆ ಬೇಸರವಾಗಬಹುದು. ಆದರೆ ಆ ಸದ್ದನ್ನು ತೋರಿಸುವ ತಾಕತ್ತು ನಮ್ಮ ಒತ್ತಕ್ಷರಕ್ಕೆ ಇದೆ. ಅನುಮಾನ ಬಂದರೆ ಕೇಳಲು ದೂರ ಹೋಗಬೇಕಿಲ್ಲ. ಶಿಕ್ಷಕರಿಗೆ ತರಬೇತಿ ಕೊಡುವ, 1963ರಲ್ಲಿ ಶುರುವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇಲ್ಲೇ ಜ್ಞಾನಭಾರತಿಯಲ್ಲಿದೆ.

ಹುಡುಗಿಗೆ ಬುಧವಾರ ಇನ್ನೊಂದು ಇಂಟರ್‌ವ್ಯೂ ಇದೆ. ಮೆಟ್ಟಿಲು ಹತ್ತುವಾಗ, ಇಳಿಯುವಾಗ ‘ಆಸ್ಕ್ಟ್, ಆಸ್ಕ್ಟ್’ ಅನ್ನುತ್ತಿರುತ್ತಾಳೆ. ಕಳೆದ ವಾರದ ಅಂಕಣವನ್ನು ಕೆಂಪು ಪೆನ್ನಿನಲ್ಲಿ ತಿದ್ದಿಯೇ ಅವಳಿಗೆ ಕೊಟ್ಟೆ. ಬರುವ ವಾರದ್ದನ್ನು ತಿದ್ದುವ ಕೆಲಸ ತಪ್ಪಿಸಿದರೆ ಉಪಕಾರ.

ಇತಿ,
ನಿವೃತ್ತ ಕನ್ನಡ ಶಿಕ್ಷಕಿ,
ಹನುಮಂತನಗರ, ಬೆಂಗಳೂರು